ಆಗುಂಬೆಗೆ ಹೋಗುವ ಮೊದಲು: ತಿಂಗಳು, ಘಟ್ಟದ ದಾರಿ, ಉಂಬಳ ಮತ್ತು ಉಳಿದದ್ದು

ಆಗುಂಬೆ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಒಂದು ಮುಖ್ಯ ಬೀದಿ, ಬಸ್ ನಿಲ್ದಾಣ, ಗೋಪಾಲಕೃಷ್ಣ ದೇವಸ್ಥಾನ, ಪೊಲೀಸ್ ಠಾಣೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ನಾಲ್ಕಾರು ಹೋಟೆಲ್ಲು. ಹತ್ತು ನಿಮಿಷ ನಡೆದರೆ ಊರು ಮುಗಿದು ಕಾಡು ಶುರುವಾಗುತ್ತದೆ. ಪಡುವಣಕ್ಕೆ ಘಟ್ಟ ಕಡಿದಿಟ್ಟ ಹಾಗೆ ಇಳಿಯುತ್ತದೆ. ಅರಬ್ಬೀ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ಗಾಳಿ ಈ ಘಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ, ಹೊತ್ತದ್ದನ್ನೆಲ್ಲ ಇಲ್ಲೇ ಸುರಿಯುತ್ತದೆ. ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸಾವಿರದ ಆಸುಪಾಸು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿ.ಮೀ. ದಾಖಲಾಗಿದೆ.

ಆಗುಂಬೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಹೋಗುವವರಲ್ಲಿ ಹೆಚ್ಚಿನವರು ಎಡವುವುದು ತಿಂಗಳ ಆಯ್ಕೆಯಲ್ಲಿ. ಜುಲೈಯಲ್ಲಿ ಸೂರ್ಯಾಸ್ತ ನೋಡಲು ಬರುತ್ತಾರೆ, ಏಪ್ರಿಲ್‌ನಲ್ಲಿ ಜಲಪಾತ ನೋಡಲು ಬರುತ್ತಾರೆ. ಎರಡೂ ಸಿಗುವುದಿಲ್ಲ. ಏನು ನೋಡಬೇಕು ಎಂದು ಮೊದಲು ನಿಶ್ಚಯಿಸಿ, ಆಮೇಲೆ ತಿಂಗಳು, ಕೊನೆಗೆ ರಜೆ. ರಜೆ ಸಿಕ್ಕಿತೆಂದು ಹೊರಡುವುದು ಇಲ್ಲಿಗೆ ಹೊಂದುವುದಿಲ್ಲ.

ಯಾವ ತಿಂಗಳು, ಯಾವುದಕ್ಕೆ

ಊರಿನವರು ಮಳೆಗಾಲವನ್ನು ಅಳೆಯುವುದು ನಕ್ಷತ್ರಗಳ ಲೆಕ್ಕದಲ್ಲಿ. ಆರಿದ್ರಾ ಮಳೆ ಜೂನ್ 21-22ಕ್ಕೆ ಹುಟ್ಟುತ್ತದೆ. ಅಲ್ಲಿಂದ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ಆಗಸ್ಟ್ ನಡುವಿನವರೆಗೆ ಜಡಿಮಳೆಯ ಕಾಲ. ಸತತ ನಾಲ್ಕೈದು ದಿನ ಸೂರ್ಯನ ಮುಖ ಕಾಣದಿರುವುದು ಮಾಮೂಲು. ಈ ಹೊತ್ತಿನಲ್ಲಿ ಚಾರಣದ ದಾರಿಗಳು ಮುಚ್ಚಿರುತ್ತವೆ, ಸೂರ್ಯಾಸ್ತದ ಕಟ್ಟೆಯಿಂದ ಬಿಳಿ ಮಂಜಲ್ಲದೆ ಬೇರೇನೂ ಕಾಣದು, ಕರೆಂಟು ಹೋದರೆ ಬರುವುದು ಯಾವಾಗೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಆದರೂ ಮಳೆಯನ್ನೇ ನೋಡಲು, ಕಪ್ಪೆಗಳ ಕೂಗು ಕೇಳಲು, ಜಗಲಿಯಲ್ಲಿ ಕೂತು ಕಷಾಯ ಕುಡಿಯಲು ಬರುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಕ್ಕಳನ್ನೋ ವಯಸ್ಸಾದವರನ್ನೋ ಕರೆತರುವುದಾದರೆ ಆಗಸ್ಟ್ ಕೊನೆಯವರೆಗೆ ಕಾಯಿರಿ. ಮಘೆ ಮಳೆಯ ಹೊತ್ತಿಗೆ ನಡುನಡುವೆ ಹೊಳವಾಗಲು ಶುರುವಾಗುತ್ತದೆ.

ಅಕ್ಟೋಬರ್, ನವೆಂಬರ್ ನಮ್ಮ ಮಟ್ಟಿಗೆ ಎಲ್ಲರಿಗೂ ಹೊಂದುವ ಕಾಲ. ಅಬ್ಬಿಗಳಲ್ಲಿ (ಜಲಪಾತಗಳಲ್ಲಿ) ಇನ್ನೂ ನೀರಿರುತ್ತದೆ, ಬೆಳಗು ಶುಭ್ರವಾಗಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಸಮೇತ ಮಳೆ ಬರಬಹುದು, ಆದ್ದರಿಂದ ತಿರುಗಾಟವೆಲ್ಲ ಒಂದು ಗಂಟೆಯೊಳಗೆ ಮುಗಿಸುವಂತೆ ಹಾಕಿಕೊಳ್ಳಿ. ಉಂಬಳ (ಕಾಡಿನ ಜಿಗಣೆ) ಇನ್ನೂ ಪೂರ್ತಿ ಹೋಗಿರುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿ ಸೂರ್ಯಾಸ್ತಕ್ಕೆ, ಕುಂದಾದ್ರಿ ಗುಡ್ಡದ ಬೆಳಗಿಗೆ, ಉದ್ದದ ನಡಿಗೆಗೆ ಸೂಕ್ತ. ರಾತ್ರಿ ಒಂದು ಸ್ವೆಟರ್ ಬೇಕು. ಅಬ್ಬಿಗಳು ಸೊರಗುತ್ತ ಹೋಗುತ್ತವೆ.

ಮಾರ್ಚ್‌ನಿಂದ ಮೇ ಸೆಕೆ. ದಿಗಂತದಲ್ಲಿ ಮಬ್ಬು ಕಟ್ಟುತ್ತದೆ, ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದೂ ಉಂಟು. ಹಾವು, ಹಕ್ಕಿ ನೋಡುವ ಆಸಕ್ತಿಯಿದ್ದವರಿಗೆ ಮಾತ್ರ ಈ ತಿಂಗಳುಗಳು. ಕಾಳಿಂಗಗಳು ಜೊತೆಯಾಗುವುದು, ಹೆಣ್ಣು ತರಗೆಲೆ ಒಟ್ಟಿ ಗೂಡು ಕಟ್ಟುವುದು ಇದೇ ಕಾಲದಲ್ಲಿ. ಮಳೆ ಹಿಡಿಯುವ ಮುಂಚಿನ ವಾರಗಳಲ್ಲಿ ರಾತ್ರಿ ಮಿಂಚುಹುಳುಗಳ ಸಂತೆ.

ತಲುಪುವುದು

ಬೆಂಗಳೂರಿನಿಂದ ಸುಮಾರು 350 ಕಿ.ಮೀ., ಕಾರಿನಲ್ಲಿ ಏಳೆಂಟು ತಾಸು. ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು, ತೀರ್ಥಹಳ್ಳಿಗೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬರಬಹುದು. ಶಿವಮೊಗ್ಗದಿಂದ ಒಟ್ಟು 95 ಕಿ.ಮೀ.ಯಷ್ಟಾಗುತ್ತದೆ. ಕರಾವಳಿಯಿಂದಾದರೆ ಉಡುಪಿ, ಹೆಬ್ರಿ, ಸೋಮೇಶ್ವರ ದಾಟಿ ಘಟ್ಟ ಹತ್ತಬೇಕು. ಉಡುಪಿಯಿಂದ 55 ಕಿ.ಮೀ. ಶೃಂಗೇರಿಯಿಂದ 28 ಕಿ.ಮೀ. ವಿಮಾನದಲ್ಲಿ ಬರುವವರಿಗೆ ಮಂಗಳೂರು ಅಥವಾ 2023ರಲ್ಲಿ ಶುರುವಾದ ಶಿವಮೊಗ್ಗ ನಿಲ್ದಾಣ.

ಘಟ್ಟದ ದಾರಿಯಲ್ಲಿ ಓಡುವುದು ಹೆಚ್ಚಾಗಿ ಮಿನಿ ಬಸ್ಸುಗಳು. ತಿರುವುಗಳು ಅಷ್ಟು ಕಿರಿದು. ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಇಳಿದ ಕೂಡಲೇ ನಿಲ್ದಾಣದ ಅಂಗಡಿಯಲ್ಲಿ ಕೇಳಿಕೊಳ್ಳಿ. ಅಂತರ್ಜಾಲದ ವೇಳಾಪಟ್ಟಿಗಿಂತ ಆ ಅಂಗಡಿಯವರ ಮಾತು ಗಟ್ಟಿ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಬರುವವರು ಬೆಳಗಿನ ಜಾವದ ಕತ್ತಲಲ್ಲಿ ಇಳಿಯಬೇಕಾಗಬಹುದು. ಉಳಿಯುವ ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲವೇ ತೀರ್ಥಹಳ್ಳಿಯಲ್ಲೇ ಇಳಿದು ಬೆಳಕು ಹರಿದ ಮೇಲೆ ಬನ್ನಿ.

ಸೋಮೇಶ್ವರದಿಂದ ಮೇಲಕ್ಕೆ ಹತ್ತು ಕಿ.ಮೀ. ಚಿಲ್ಲರೆ ದಾರಿ, ಹದಿನಾಲ್ಕು ಹಿಮ್ಮುರಿ ತಿರುವುಗಳು. ನೀವೇ ಓಡಿಸುವುದಾದರೆ ಗಮನದಲ್ಲಿಡಬೇಕಾದದ್ದು ಇಷ್ಟು. ಹತ್ತುವ ಗಾಡಿಗೆ ದಾರಿ ಬಿಡಬೇಕು, ಏಕೆಂದರೆ ಏರಿನಲ್ಲಿ ನಿಂತು ಮತ್ತೆ ಎಳೆಯುವುದು ಇಳಿಯುವವನು ನಿಲ್ಲುವುದಕ್ಕಿಂತ ಕಷ್ಟ. ಎದುರಿಗೆ ಮಿನಿ ಬಸ್ಸು ಕಂಡರೆ ತಿರುವಿಗೆ ಹೋಗುವ ಮುಂಚೆಯೇ ನಿಲ್ಲಿಸಿ. ಅದಕ್ಕೆ ತಿರುಗಲು ರಸ್ತೆಯ ಅಷ್ಟೂ ಅಗಲ ಬೇಕು. ತಿರುವಿನ ನಡುವೆ ಮೂತಿಗೆ ಮೂತಿ ಸಿಕ್ಕಿಕೊಂಡರೆ ಹಿಂದಕ್ಕೆ ಬರಬೇಕಾದವರು ನೀವೇ. ಇಳಿಯುವಾಗ ಒಂದು ಅಥವಾ ಎರಡನೇ ಗೇರಿನಲ್ಲಿರಿ. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು, ಸುಟ್ಟ ವಾಸನೆ ಬಂದು, ಕೊನೆಯ ತಿರುವುಗಳಲ್ಲಿ ಹಿಡಿಯುವುದನ್ನೇ ಬಿಡುತ್ತದೆ. ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ಮೇಲೆ ನೀರು ಸುರಿಯಬೇಡಿ. ಮಂಜಿನಲ್ಲಿ ಹೆಡ್‌ಲೈಟ್ ತಗ್ಗಿಸಿ. ದೂರದ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ವಾಪಸು ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವುದು ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಎನ್ನುವುದು ಹಿಂದಿನವನಿಗೆ ತಿಳಿಯದು.

ಮಳೆಗಾಲದಲ್ಲಿ ಗುಡ್ಡದ ಮಣ್ಣು ನೀರು ಕುಡಿದು ಬಂಡೆಯ ಮೇಲಿಂದ ಜಾರುವುದು, ಮರ ಉರುಳುವುದು ಇದ್ದದ್ದೇ. ಭಾರೀ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುತ್ತದೆ, ಕೆಲವೊಮ್ಮೆ ದಾರಿಯೇ ಬಂದ್. ಕರಾವಳಿ ಕಡೆಯಿಂದ ಹೊರಡುವವರು ಹೆಬ್ರಿ ಬಿಡುವ ಮುಂಚೆ ವಿಚಾರಿಸಿ. ಘಟ್ಟ ಮುಚ್ಚಿದ್ದರೆ ಕಾರ್ಕಳದಿಂದ ಮಾಳ ಘಟ್ಟ ಹತ್ತಿ ಶೃಂಗೇರಿ ಮೂಲಕ ಬರುವ ದಾರಿಯಿದೆ; ಎರಡು ತಾಸು ಹೆಚ್ಚು ಇಟ್ಟುಕೊಳ್ಳಿ.

ಪೆಟ್ರೋಲು ತೀರ್ಥಹಳ್ಳಿ, ಶೃಂಗೇರಿ ಅಥವಾ ಹೆಬ್ರಿಯಲ್ಲೇ ತುಂಬಿಸಿ. ನಗದು ಹಣವನ್ನೂ ಅಲ್ಲೇ ತೆಗೆದುಕೊಳ್ಳಿ, ಅದರಲ್ಲೂ ನೂರು, ಇನ್ನೂರರ ನೋಟು. ಮೊಬೈಲ್‌ನಲ್ಲಿ ಹಣ ಕಳಿಸಲು ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಟವರ್‌ನಲ್ಲಿ ಕರೆಂಟು ಬೇಕು. ಜುಲೈಯಲ್ಲಿ ಇವೆರಡೂ ಒಟ್ಟಿಗೆ ಕೈಕೊಡುತ್ತವೆ. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡಿರಿ.

ಉಳಿಯುವ ಮನೆ

ಊರಿನಲ್ಲಿ ಒಂದೆರಡು ಲಾಡ್ಜು, ಸುತ್ತಲಿನ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳು. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು: ದರ ತಲೆಗೋ ಕೋಣೆಗೋ, ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಕಾರು ಮನೆಯ ಅಂಗಳದವರೆಗೆ ಬರುತ್ತದೆಯೇ ಅಥವಾ ಕೊನೆಯಲ್ಲಿ ಮಣ್ಣಿನ ಏರಿದೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ, ಬಚ್ಚಲಿನಲ್ಲಿ ಹಂಡೆ ಒಲೆ ಇದೆಯೇ. ಕೊನೆಯದು ಮುಖ್ಯ. ಸೌರ ಹೀಟರ್ ಮಳೆಗಾಲದಲ್ಲಿ ಅಲಂಕಾರಕ್ಕೆ ಮಾತ್ರ, ಗೀಸರ್‌ಗೆ ಕರೆಂಟು ಬೇಕು. ಒಲೆ ಉರಿಯುವ ಬಚ್ಚಲಿದ್ದರೆ ಬಿಸಿನೀರೂ ಸಿಗುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆಯೂ ಒಣಗುತ್ತದೆ.

ಮುಖ್ಯ ಬೀದಿಯ ದೊಡ್ಡಮನೆ, ದೂರದರ್ಶನದ ಧಾರಾವಾಹಿಯೊಂದರ ಚಿತ್ರೀಕರಣದಿಂದ ಹೆಸರಾದ ಹಳೆಯ ಕಟ್ಟಡ. ಅದು ಜನ ಬಾಳುತ್ತಿರುವ ಮನೆ. ಬಾಗಿಲು ತೆರೆದಿದೆಯೆಂದು ಕ್ಯಾಮೆರಾ ಹಿಡಿದು ಒಳಗೆ ನುಗ್ಗಬೇಡಿ. ಜಗಲಿಯ ಕೆಳಗೆ ನಿಂತು ಕೇಳಿ. ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರವೂ ಹಾಗೆಯೇ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆ ಕೇಂದ್ರ ಸಂಶೋಧನೆಗಾಗಿ ಇರುವಂಥದ್ದು, ಕಾಳಿಂಗ ತೋರಿಸುವ ಮೃಗಾಲಯವಲ್ಲ. ಭೇಟಿ ಮಾಡಬೇಕಿದ್ದರೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಿರಿ.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮನೆಯವರು ಏನು ಮಾಡುತ್ತಾರೋ ಅದನ್ನೇ ಉಣ್ಣಿ. ಮಳೆಗಾಲದಲ್ಲಿ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಕಡುಬು, ಅಕ್ಕಿರೊಟ್ಟಿ, ಒಂದೆಲಗದ ತಂಬುಳಿ. ಬೇಸಿಗೆಯಲ್ಲಿ ಹಲಸಿನದ್ದೇ ಹತ್ತು ಬಗೆ. ಸಂತೆಯಲ್ಲಿ ಕಳಲೆ ಕೊಂಡು ಊರಿಗೆ ಒಯ್ಯುವವರಿಗೆ ಒಂದು ಮಾತು: ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಟ್ಟು, ಆ ನೀರು ಚೆಲ್ಲಿ ಬೇಯಿಸಿದ ಮೇಲೆಯೇ ತಿನ್ನಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ.

ಚೀಲದಲ್ಲಿ ಏನಿರಬೇಕು

ಜೀನ್ಸ್ ಮನೆಯಲ್ಲೇ ಇರಲಿ. ಒಮ್ಮೆ ನೆನೆದರೆ ನೀವು ವಾಪಸು ಹೋಗುವವರೆಗೂ ಅದು ಒಣಗದು, ತೂಕ ಬೇರೆ. ತೆಳುವಾದ ಸಿಂಥೆಟಿಕ್ ಪ್ಯಾಂಟು, ಉದ್ದ ತೋಳಿನ ತಿಳಿಬಣ್ಣದ ಅಂಗಿ ಒಳ್ಳೆಯದು. ತಿಳಿಬಣ್ಣದ ಮೇಲೆ ಉಂಬಳ, ಉಣುಗು (ರಕ್ತ ಹೀರುವ ಉಣ್ಣಿ) ಬೇಗ ಕಾಣುತ್ತವೆ. ದಿನಕ್ಕೆರಡು ಜೊತೆ ಕಾಲುಚೀಲದ ಲೆಕ್ಕ ಹಿಡಿಯಿರಿ. ಬೀದಿಯಲ್ಲಿ ತಿರುಗಲು ದೊಡ್ಡ ಕೊಡೆ, ಕಾಡಿಗೆ ರೇನ್‌ಕೋಟು. ಘಟ್ಟದ ಅಂಚಿನ ಗಾಳಿಗೆ ಕೊಡೆ ತಿರುವುಮುರುವಾಗುತ್ತದೆ.

ಬೆನ್ನಚೀಲಕ್ಕೆ ಹೊರಗಿನಿಂದ ಹಾಕುವ ಹೊದಿಕೆಯನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ಇಳಿಯುವ ನೀರು ಹೊಲಿಗೆಯಲ್ಲಿ ಒಳಗೆ ಹೋಗುತ್ತದೆ. ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಬಿಡಿಸಿ, ಅದರೊಳಗೆ ಬಟ್ಟೆ ತುಂಬಿ ಬಾಯಿ ತಿರುಚಿ ಕಟ್ಟಿ. ಬೆಲೆ ಹತ್ತಿಪ್ಪತ್ತು ರೂಪಾಯಿ, ಕೆಲಸ ಪಕ್ಕಾ.

ದುಬಾರಿ ಟ್ರೆಕಿಂಗ್ ಶೂಗಿಂತ ಮಲೆನಾಡಿನವರು ತೋಟಕ್ಕೆ ಹಾಕುವ ಪ್ಲಾಸ್ಟಿಕ್ ಶೂ ಮಳೆಗಾಲಕ್ಕೆ ಮೇಲು. ನೀರು ಹೀರುವುದಿಲ್ಲ, ತೊಳೆದರೆ ಒಣಗಿತು. ತೀರ್ಥಹಳ್ಳಿಯ ಚಪ್ಪಲಿ ಅಂಗಡಿಗಳಲ್ಲಿ ಸಿಗುತ್ತದೆ. ಗಮ್ ಬೂಟು ತೋಟದ ಕೆಸರಿಗೆ ಸರಿ, ಹಳ್ಳ ದಾಟುವಾಗ ಮೇಲಿಂದ ನೀರು ತುಂಬಿಕೊಂಡರೆ ಕಾಲು ಎತ್ತಲಾಗದು. ಯಾವುದನ್ನೇ ಹಾಕಿದರೂ ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ, ಬಂಡೆಯ ಮೇಲೆ ಹಿಡಿತ ಸಿಗದು. ಹಸಿರಾಗಿ ಹೊಳೆಯುವ ಕಡೆ ಕಾಲಿಡದೆ ಮರಳು, ಬೇರು, ಒರಟು ಕಲ್ಲು ನೋಡಿ ಇಡಿ. ಒದ್ದೆ ಶೂ ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಮೂರು ಸಲ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಹಾಕುವಂತಾಗುತ್ತದೆ. ಒಲೆಯ ಬಾಯಿಗೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಿತ್ತುಬರುತ್ತದೆ.

ಇನ್ನು ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕು, ಅರ್ಧ ಕಿಲೋ ಉಪ್ಪು, ನಂಜುನಿರೋಧಕ ಮುಲಾಮು, ಹತ್ತಿ, ಬ್ಯಾಂಡೇಜು, ನೀವು ದಿನವೂ ನುಂಗುವ ಔಷಧಿ ಎರಡು ದಿನ ಹೆಚ್ಚಿನದು.

ಉಂಬಳ

ಜೂನ್‌ನಿಂದ ನವೆಂಬರ್‌ವರೆಗೆ ಕಾಡಿಗೆ ಕಾಲಿಟ್ಟರೆ ಉಂಬಳ ಹತ್ತಿಯೇ ಹತ್ತುತ್ತದೆ. ಹತ್ತದಂತೆ ಮಾಡಲಾಗದು, ಕಡಿಮೆ ಮಾಡಬಹುದು. ಅದರಿಂದ ರೋಗ ಹರಡುವ ಭಯವಿಲ್ಲ, ಹೆದರಿ ಓಡಿ ಜಾರಿ ಬಿದ್ದು ಕೈ ಮುರಿದುಕೊಂಡರೆ ಮಾತ್ರ ಕಷ್ಟ.

ಸಾಮಾನ್ಯ ಕಾಲುಚೀಲದ ಹೆಣಿಗೆಯ ಸಂದಿಯಲ್ಲಿ ಅದು ತೂರುತ್ತದೆ. ಬೇಕಾದ್ದು ಒತ್ತಾಗಿ ನೇಯ್ದ ಬಟ್ಟೆಯ ಉಂಬಳದ ಚೀಲ, ಮೊಣಕಾಲಿನವರೆಗೆ ಬಂದು ಲಾಡಿಯಲ್ಲಿ ಬಿಗಿಯುವಂಥದ್ದು. ದರ್ಜಿಗೆ ಒಂದು ಮೀಟರ್ ಕೋರಾ ಬಟ್ಟೆ ಕೊಟ್ಟರೆ ಹೊಲಿದುಕೊಡುತ್ತಾನೆ. ಪ್ಯಾಂಟನ್ನು ಅದರೊಳಗೆ ತೂರಿಸಿ ಕಟ್ಟಿ. ಹೊಗೆಸೊಪ್ಪನ್ನು ರಾತ್ರಿ ನೆನೆಸಿದ ನೀರನ್ನು ಚೀಲಕ್ಕೆ, ಶೂಗೆ ಹಚ್ಚಿದರೆ ಹತ್ತಿರ ಬರುವುದು ಕಡಿಮೆ; ಆದರೆ ಮಳೆಗೆ ತೊಳೆದುಹೋಗುತ್ತದೆ, ತಾಸಿಗೊಮ್ಮೆ ಹಚ್ಚಬೇಕು. ಚರ್ಮಕ್ಕೆ ನೇರ ಹಚ್ಚಬೇಡಿ, ಗಾಯವಿದ್ದರಂತೂ ಬೇಡವೇ ಬೇಡ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ಶೂ ಮೇಲೆ ಹತ್ತಿದ್ದಕ್ಕೆ ಮುಟ್ಟಿಸುವುದು ಹಳೆಯ ಕ್ರಮ. ಉಪ್ಪನ್ನು ಹಿಡಿ ಹಿಡಿಯಾಗಿ ನೆಲಕ್ಕೆ ಎರಚಿದರೆ ಕಪ್ಪೆಗಳ ಚರ್ಮ ಸುಡುತ್ತದೆ, ಅದನ್ನು ಮಾಡದಿರಿ.

ಸಾಲಿನಲ್ಲಿ ಮೊದಲು ನಡೆಯುವವನಿಗಿಂತ ಎರಡನೆಯ, ಮೂರನೆಯವನಿಗೆ ಹೆಚ್ಚು ಹತ್ತುತ್ತವೆ. ಮೊದಲಿನವನ ಹೆಜ್ಜೆಯ ಅದುರಿಗೆ ಎಚ್ಚೆತ್ತು ತಲೆಯೆತ್ತಿ ಕಾಯುತ್ತಿರುತ್ತವೆ. ತರಗೆಲೆಯ ಮೇಲೆ ನಿಂತು ಹರಟಬೇಡಿ. ನಿಲ್ಲುವುದಿದ್ದರೆ ಬಂಡೆಯ ಮೇಲೆ, ರಸ್ತೆಯ ಮೇಲೆ. ಹತ್ತು ನಿಮಿಷಕ್ಕೊಮ್ಮೆ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ.

ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಸಪೂರ ತುದಿ ಬಾಯಿ. ಅದರ ಪಕ್ಕದ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಜಾರಿಸಿದರೆ ಬಾಯಿ ಬಿಡುತ್ತದೆ, ತಕ್ಷಣ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ ಚಿಮ್ಮಿಸಿ. ಕಚ್ಚಿದ್ದರ ಮೇಲೆ ಉಪ್ಪು, ಬೆಂಕಿ ಇಟ್ಟರೆ ಕುಡಿದದ್ದನ್ನು ಗಾಯದೊಳಗೇ ಕಾರುತ್ತದೆ, ನಂಜಾಗುವುದು ಅದರಿಂದ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಸೇರಿಸಿರುವುದರಿಂದ ತಾಸುಗಟ್ಟಲೆ ಒಸರಬಹುದು. ಸೋಪಿನಲ್ಲಿ ತೊಳೆದು, ಹತ್ತಿಯಿಟ್ಟು ಬಿಗಿಯಾಗಿ ಕಟ್ಟಿ. ಕೆಲವು ದಿನ ತುರಿಕೆಯಿರುತ್ತದೆ, ಕೆರೆದರೆ ಹುಣ್ಣಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಉಂಬಳದ ಕಾಲದಲ್ಲಿ ಕಾಡಿಗೆ ಇಳಿಯದಿರುವುದೇ ಕ್ಷೇಮ.

ಉಣುಗು ಮತ್ತು ಮಂಗನ ಕಾಯಿಲೆ

ಉಂಬಳಕ್ಕೆ ಕಿರುಚುವವರು ಉಣುಗನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆದರಬೇಕಾದ್ದು ಇದಕ್ಕೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಮೂಲಕ ಹರಡುತ್ತದೆ. ಡಿಸೆಂಬರ್‌ನಿಂದ ಮೇ ಅದರ ಕಾಲ, ಅಂದರೆ ಸೂರ್ಯಾಸ್ತಕ್ಕೆ ಜನ ಬರುವ ಕಾಲವೇ. ಎಳೆಯ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗದು.

ಕಾಡಿಗೆ ಹೊರಡುವ ಮುಂಚೆ ಊರಿನವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ: ಆಸುಪಾಸಿನಲ್ಲಿ ಮಂಗ ಸತ್ತಿದೆಯೇ? ಸತ್ತಿದ್ದರೆ ಆ ಕಡೆ ಹೋಗಬೇಡಿ. ಸತ್ತ ಮಂಗ ನಿಮಗೇ ಕಂಡರೆ ಮುಟ್ಟದೆ, ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡಿರುತ್ತವೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎತ್ತಿ. ಬೆರಳಲ್ಲಿ ಜಜ್ಜಬಾರದು.

ಹಾವು

ಕಾಳಿಂಗ ಸರ್ಪದ ಊರೆಂದು ಆಗುಂಬೆಗೆ ಹೆಸರು. ಅದು ಹುಡುಕಿಕೊಂಡು ಬಂದು ಕಚ್ಚುವ ಹಾವಲ್ಲ. ದಾರಿ ಬಿಟ್ಟರೆ ತನ್ನ ಪಾಡಿಗೆ ಹೋಗುತ್ತದೆ. ಕಂಡರೆ ನಿಂತು, ಕಣ್ಣು ತಪ್ಪಿಸದೆ ನಿಧಾನ ಹಿಂದಕ್ಕೆ ಸರಿಯಿರಿ. ಫೋಟೊಗಾಗಿ ಬೆನ್ನಟ್ಟುವುದು, ಬಾಲ ಹಿಡಿಯುವುದು, ಹಿಡಿದು ತೋರಿಸುವವನಿಗೆ ದುಡ್ಡು ಕೊಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ತರಗೆಲೆಯ ಗುಡ್ಡೆ ಮಾಡಿದಂತೆ ಕಂಡ ಕಡೆ ಕೋಲು ಹಾಕಬೇಡಿ, ಮೇಲೆ ತಾಯಿ ಕಾವಲಿರಬಹುದು.

ನಡೆಯುವವರಿಗೆ ಹೆಚ್ಚು ಅಪಾಯ ಮಲಬಾರ್ ಗುಳಿಮಂಡಲದಿಂದ. ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣದಲ್ಲಿ, ಹಳ್ಳದ ಬದಿಯ ಗಿಡಗಳಲ್ಲಿ, ಸರಿಯಾಗಿ ನಮ್ಮ ಕೈಯೆತ್ತರದಲ್ಲಿ ಅಲುಗದೆ ಕೂತಿರುತ್ತದೆ. ಜಾರಿದಾಗ ಸಿಕ್ಕ ಕೊಂಬೆ ಹಿಡಿಯುವ ಅಭ್ಯಾಸ ಬಿಡಿ, ಊರಲು ಕೋಲು ಇಟ್ಟುಕೊಳ್ಳಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಟಾರ್ಚು ಬೇಕು, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗದಂತೆ ಹಲಗೆ ಕಟ್ಟಿ, ನಡೆಸದೆ ಹೊತ್ತು ತಂದು 108ಕ್ಕೆ ಕರೆ ಮಾಡಿ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆ ಒಂದು ಕಡೆ, ಘಟ್ಟ ತೆರೆದಿದ್ದರೆ ಸುಮಾರು 50 ಕಿ.ಮೀ. ದೂರದ ಮಣಿಪಾಲ ಇನ್ನೊಂದು ಕಡೆ. ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗೆ ಮಾಡಿದ್ದು. ಕಾಳಿಂಗಕ್ಕೂ ಗುಳಿಮಂಡಲಗಳಿಗೂ ಅಲ್ಲ. ಹಾವಿನ ಬಣ್ಣ, ಗಾತ್ರ ನೆನಪಿದ್ದರೆ ವೈದ್ಯರಿಗೆ ಹೇಳಿ, ಅದನ್ನು ಹಿಡಿದು ಒಯ್ಯುವ ಸಾಹಸ ಬೇಡ.

ನೋಡುವ ಜಾಗಗಳು

ಸೂರ್ಯಾಸ್ತದ ಕಟ್ಟೆ ಊರಿನಿಂದ ಒಂದೂವರೆ ಕಿ.ಮೀ. ದೂರದಲ್ಲಿ, ಘಟ್ಟದ ರಸ್ತೆಯಲ್ಲೇ ಇದೆ. ನಡೆದೇ ಹೋಗಿ, ವಾರಾಂತ್ಯದಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗವಿರದು. ನವೆಂಬರ್ ಕೊನೆಯಲ್ಲಿ ಆರು ಗಂಟೆಗೆ, ಫೆಬ್ರವರಿ ನಡುವಿನಲ್ಲಿ ಆರೂವರೆಗೆ ಸೂರ್ಯ ಮುಳುಗುತ್ತಾನೆ, ಮುಕ್ಕಾಲು ತಾಸು ಮುಂಚೆ ಅಲ್ಲಿರಿ. ಸಮುದ್ರದ ಮೇಲಿನ ಮಬ್ಬಿನಿಂದಾಗಿ ಮುಳುಗುವ ಕ್ಷಣ ಎಷ್ಟೋ ಸಲ ಕಾಣುವುದಿಲ್ಲ, ಬಣ್ಣ ಚೆನ್ನಾಗಿರುವುದು ಅದಕ್ಕಿಂತ ಹತ್ತು ಹದಿನೈದು ನಿಮಿಷ ಮೊದಲು. ತಿಂಡಿಯ ಪೊಟ್ಟಣ ಮಂಗಗಳಿಗೆ ಕಾಣದಂತೆ ಚೀಲದೊಳಗಿರಲಿ. ನೋಡಿ ಆದ ಮೇಲೆ ಕತ್ತಲಲ್ಲಿ ಘಟ್ಟ ಇಳಿಯುವ ಬದಲು ಆ ರಾತ್ರಿ ಮೇಲೆಯೇ ಉಳಿಯಿರಿ.

ಕುಂದಾದ್ರಿ ಇಪ್ಪತ್ತು ಕಿ.ಮೀ. ಒಳಗೆ, ಗುಡ್ಡೇಕೇರಿ ಹತ್ತಿರ. ಆಚಾರ್ಯ ಕುಂದಕುಂದರ ಹೆಸರಿನ ಒಂಟಿ ಕಲ್ಲುಗುಡ್ಡ, ನೆತ್ತಿಯಲ್ಲಿ ಪಾರ್ಶ್ವನಾಥನ ಬಸದಿ, ಪಕ್ಕದಲ್ಲಿ ಕೊಳ. ತುದಿಯವರೆಗೆ ರಸ್ತೆಯಿದೆ, ಕಡಿದಾದ ಏರು. ನಾಲ್ಕೈದು ಜನ ತುಂಬಿದ ಸಣ್ಣ ಕಾರು ಕೊನೆಯ ತಿರುವುಗಳಲ್ಲಿ ಏದುಸಿರು ಬಿಡುತ್ತದೆ, ಒಂದಿಬ್ಬರು ಇಳಿದು ನಡೆಯಿರಿ. ಹೋಗಬೇಕಾದ್ದು ಬೆಳಿಗ್ಗೆ ಆರರೊಳಗೆ: ಕೆಳಗೆ ಕಣಿವೆ ತುಂಬ ಮಂಜು ತುಂಬಿರುತ್ತದೆ. ಮಾಂಸ, ಮದ್ಯ ಒಯ್ಯಬಾರದು.

ಜಲಪಾತಗಳಲ್ಲಿ ಬರ್ಕಣದ ಹೆಸರು ದೊಡ್ಡದು. ಸೀತಾನದಿ ಕಣಿವೆಗೆ ಧುಮುಕುವುದನ್ನು ಎದುರಿನ ನೆತ್ತಿಯಿಂದ ನೋಡಬೇಕು. ತೊಡಕೆಂದರೆ, ನೀರು ಭೋರ್ಗರೆಯುವಾಗ ದಾರಿ ಮುಚ್ಚಿರುತ್ತದೆ, ದಾರಿ ತೆರೆದಾಗ ನೀರು ಎಳೆಯಾಗಿರುತ್ತದೆ. ಮಳೆ ನಿಂತು ದಾರಿ ತೆರೆದ ಮೊದಲ ವಾರಗಳಲ್ಲಿ ಮಾತ್ರ ಎರಡೂ ಸಿಗಬಹುದು. ಬರ್ಕಣ, ಒನಕೆ ಅಬ್ಬಿ ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಯಮ ವರ್ಷವರ್ಷಕ್ಕೆ ಬದಲಾಗುವುದರಿಂದ ಹಿಂದಿನ ದಿನವೇ ಆಗುಂಬೆಯ ವಲಯ ಕಚೇರಿಯಲ್ಲಿ ಕೇಳಿ, ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ನರಸಿಂಹ ಪರ್ವತದ ಚಾರಣಕ್ಕೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಕಾದಿರಿಸಬೇಕು. ಯಾರೋ ಅನುಮತಿಯಿಲ್ಲದೆ ಕರೆದೊಯ್ಯುತ್ತೇನೆಂದರೆ ಒಪ್ಪಬೇಡಿ, ದಾರಿ ತಪ್ಪಿದಾಗ ಹುಡುಕಲು ಬರುವವರಿಗೆ ನೀವು ಒಳಗಿರುವುದೇ ಗೊತ್ತಿರುವುದಿಲ್ಲ.

ಹೆಚ್ಚು ನಡೆಯಲಾಗದವರಿಗೆ ಶೃಂಗೇರಿಯ ಆಚೆ ಕಿಗ್ಗಾ ಹತ್ತಿರದ ಸಿರಿಮನೆ ಒಳ್ಳೆಯದು: ರಸ್ತೆಯಿದೆ, ಮೆಟ್ಟಿಲಿದೆ. ಊರಿಗೆ ಮೂರು ಕಿ.ಮೀ. ದೂರದ ಜೋಗಿಗುಂಡಿ ನೋಡಲು ಸಣ್ಣದು, ಗುಂಡಿ ಆಳ. ಈಜು ಬರುತ್ತದೆಂದು ಇಳಿಯಬೇಡಿ.

ಯಾವ ಹಳ್ಳದಲ್ಲಿದ್ದರೂ ನೀರಿನ ಬಣ್ಣದ ಮೇಲೆ ಕಣ್ಣಿರಲಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ದಿರಬಹುದು. ತಿಳಿನೀರು ಕೆಂಪಗಾಯಿತು, ತರಗೆಲೆ, ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು ಎಂದರೆ ಚೀಲ, ಚಪ್ಪಲಿ ಬಿಟ್ಟು ಮೊದಲು ದಡ ಹತ್ತಿ. ನೀವು ಬಂದ ದಡಕ್ಕೇ ಹತ್ತಿ; ಎದುರು ದಡಕ್ಕೆ ಹೋದರೆ ರಾತ್ರಿ ಅಲ್ಲೇ.

ತೋಟ, ಅಂಗಳ, ಬನ

ಕಾಡಿನ ಹಾಗೆ ಕಾಣುವ ಎಷ್ಟೋ ಜಾಗ ಯಾರದೋ ಅಡಿಕೆ ತೋಟ ಅಥವಾ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ. ಕೇಳಿ ಒಳಗೆ ಹೋಗಿ, ದಣಪೆ (ಬೇಲಿ ಬಾಗಿಲಿನ ಅಡ್ಡಗಳ) ಸರಿಸಿದ್ದರೆ ಮತ್ತೆ ಹಾಕಿ. ಹಾಕದಿದ್ದರೆ ದನ ನುಗ್ಗಿ ಆ ವರ್ಷದ ಸಸಿ ಹಾಳು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿರುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿದ ಆ ನೀಲಿ ನೀರು ಕಣ್ಣಿಗೆ ಬಿದ್ದರೆ ಉರಿ, ಬಟ್ಟೆಗೆ ಬಿದ್ದರೆ ಕಲೆ. ಮರದ ಕೆಳಗೆ ನಿಲ್ಲಬೇಡಿ. ನವೆಂಬರ್‌ನಿಂದ ಜನವರಿ ಕೊಯ್ಲು, ಸುಲಿತದ ಗಡಿಬಿಡಿ. ಆಗ ಅಂಗಳದಲ್ಲಿ, ಚಪ್ಪರದ ಮೇಲೆ ಅಡಿಕೆ ಹರಡಿರುತ್ತದೆ, ತುಳಿಯದೆ ಬದಿಯಲ್ಲಿ ನಡೆಯಿರಿ. ಮನೆಯವರಿಗೆ ಮಾತಾಡಲು ಪುರುಸೊತ್ತಿಲ್ಲದಿದ್ದರೆ ಅದು ಕೊಯ್ಲಿನ ಕಾರಣಕ್ಕೆ, ನಿಮ್ಮ ಮೇಲಿನ ಮುನಿಸಿನಿಂದಲ್ಲ.

ಹಳ್ಳಕ್ಕೆ ಹಾಕಿದ ಕಾಲುಸಂಕದ ಮೇಲೆ ಒಬ್ಬೊಬ್ಬರಾಗಿ ದಾಟಿ. ಒದ್ದೆ ಮರದ ಮೇಲೆ ಶೂಗಿಂತ ಬರಿಗಾಲು ಗಟ್ಟಿ. ಪಾದ ಅಡ್ಡವಿಟ್ಟು, ಕೆಳಗಿನ ನೀರು ನೋಡದೆ ಎದುರಿನ ಕಂಬ ನೋಡಿ ನಡೆಯಿರಿ. ನೀರು ಸಂಕಕ್ಕೆ ಮುಟ್ಟುತ್ತಿದ್ದರೆ ದಾಟುವ ಯೋಚನೆಯೇ ಬೇಡ. ನಾಗಬನ, ಭೂತನ ಕಟ್ಟೆ ಇರುವ ಕಡೆ ಚಪ್ಪಲಿ ಹೊರಗಿಡಿ, ಎಲೆ, ಹೂ ಕೀಳಬೇಡಿ. ಪ್ಲಾಸ್ಟಿಕ್ಕು, ಬಾಟಲಿ, ಮಗುವಿನ ಡೈಪರು ನಿಮ್ಮ ಜೊತೆಗೇ ವಾಪಸು ಹೋಗಬೇಕು. ಇಷ್ಟು ಸಣ್ಣ ಊರಿನಲ್ಲಿ ಪ್ರವಾಸಿಗರು ಬಿಟ್ಟದ್ದೆಲ್ಲ ಕೊನೆಗೆ ಸೇರುವುದು ಹಳ್ಳಕ್ಕೆ.

ಎರಡು ರಾತ್ರಿ ಸಾಕೇ

ಸಾಕು, ಹೀಗೆ ಹಾಕಿಕೊಂಡರೆ. ಮೊದಲ ದಿನ ಮಧ್ಯಾಹ್ನದೊಳಗೆ ತಲುಪಿ, ಊಟ ಮಾಡಿ ಮಲಗಿ, ಸಂಜೆ ಕಟ್ಟೆ. ಎರಡನೇ ದಿನ ಬೆಳಿಗ್ಗೆ ಕುಂದಾದ್ರಿ, ತಿಂಡಿಗೆ ವಾಪಸು, ಆಮೇಲೆ ಮಾರ್ಗದರ್ಶಿಯ ಜೊತೆ ಒಂದೇ ಒಂದು ಕಾಡಿನ ದಾರಿ. ರಾತ್ರಿ ಊಟದ ನಂತರ ಹೋಮ್‌ಸ್ಟೇಯವರ ಜೊತೆ ಟಾರ್ಚು ಹಿಡಿದು ಅವರದ್ದೇ ತೋಟದ ಅಂಚಿನಲ್ಲಿ ಅರ್ಧ ತಾಸು ಕಪ್ಪೆ ಹುಡುಕಿ, ಫ್ಲ್ಯಾಶ್ ಬೇಡ. ಮೂರನೇ ದಿನ ಶೃಂಗೇರಿ, ಸಿರಿಮನೆ ನೋಡಿಕೊಂಡು ಹೊರಡಬಹುದು. ಇದಕ್ಕೇ ಕವಲೇದುರ್ಗ, ಕೂಡ್ಲು ತೀರ್ಥ, ಹೊರನಾಡು ಎಲ್ಲ ಸೇರಿಸಿದರೆ ನೋಡಿದ್ದು ಬರೀ ಡಾಂಬರು ರಸ್ತೆ ಎಂದಾಗುತ್ತದೆ. ಮಳೆಗಾಲದಲ್ಲಾದರೆ ಒಂದು ದಿನ ಪೂರ್ತಿ ಖಾಲಿ ಬಿಡಿ, ಘಟ್ಟ ಬಂದ್ ಆದರೆ ಅದು ಬೇಕಾಗುತ್ತದೆ.

ಮನೆಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ವೈರಲ್ ಎಂದು ಮಾತ್ರೆ ನುಂಗಿ ಸುಮ್ಮನಿರಬೇಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಸರಿನಲ್ಲಿ ಓಡಾಡಿದವರಿಗೆ ಇಲಿಜ್ವರದ ಸಾಧ್ಯತೆಯೂ ಇದೆ. ನಿಮ್ಮ ಊರಿನ ವೈದ್ಯರಿಗೆ ಇವೆರಡೂ ಹೊಳೆಯದಿರಬಹುದು. ಮಲೆನಾಡಿನ ಕಾಡಿಗೆ ಹೋಗಿದ್ದೆವು, ಇಂಥ ತಾರೀಖಿಗೆ, ಉಣುಗು ಕಚ್ಚಿತ್ತು ಅಥವಾ ಕಚ್ಚಿರಬಹುದು ಎಂದು ನೀವೇ ಬಾಯಿಬಿಟ್ಟು ಹೇಳಿ.